ಕೇಳಿದ ಗಾಯನ ನೆನಪಿನಲ್ಲಿ ನಿಲ್ಲಬೇಕಾದರೆ: ಶಿರಸಿ ಸೀಮೆಯ ಕಛೇರಿಗಳು, ನನ್ನ ಟಿಪ್ಪಣಿ ಪುಸ್ತಕ

ಗಾಯನ ಮುಗಿದು ಚಪ್ಪಲಿ ಹುಡುಕುವ ಹೊತ್ತಿಗೆ ಯಾರನ್ನು ಕೇಳಿದರೂ "ಚೊಲೋ ಆತು" ಅನ್ನುತ್ತಾರೆ. ತಿಂಗಳು ಬಿಟ್ಟು ಕೇಳಿದರೆ ಅದು ಯಮನ್ ಇತ್ತೋ ಪೂರಿಯಾ ಇತ್ತೋ ಎಂಬ ಚರ್ಚೆಗೆ ಬಂದಿರುತ್ತದೆ. ವರ್ಷ ಕಳೆದ ಮೇಲೆ ಉಳಿಯುವುದು ಅವತ್ತಿನ ಊಟಕ್ಕೆ ಏನಿತ್ತು, ಬಸ್ಸು ಸಿಕ್ಕಿತೋ ಇಲ್ಲವೋ ಎಂಬುದಷ್ಟೇ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾ, ಹೊನ್ನಾವರದ ಕಡೆ ಹಿಂದೂಸ್ತಾನಿ ಸಂಗೀತಕ್ಕೆ ಬರಗಾಲವಿಲ್ಲ. ಗುರುಪೂರ್ಣಿಮೆಗೆ ಒಂದು, ಯಾರದೋ ಪುಣ್ಯತಿಥಿಗೆ ಒಂದು, ದೇವಸ್ಥಾನದ ವರ್ಧಂತಿಗೆ ಒಂದು. ತಪ್ಪದೆ ಹೋಗುವವರಿಗೆ ಒಂದು ಕಛೇರಿ ಇನ್ನೊಂದರೊಳಗೆ ಕಲಸಿಹೋಗುವುದು ಸಹಜ. ಅದಕ್ಕೇ ನಾನು ಕಿಸೆಯಲ್ಲಿ ಪುಸ್ತಕ ಇಡುತ್ತೇನೆ. "ಅದ್ಭುತ", "ಭಾವಪೂರ್ಣ" ಎಂಬ ಮಾತುಗಳಿಗೆ ಅದರಲ್ಲಿ ಜಾಗವಿಲ್ಲ. ಆ ಮಾತುಗಳನ್ನು ಹತ್ತು ವರ್ಷದ ಮೇಲೆ ಓದಿದರೆ ಕಿವಿಗೆ ಏನೂ ಬರುವುದಿಲ್ಲ. ಶ್ರುತಿ, ತಾಲ, ಒಂದು ಆವರ್ತನಕ್ಕೆ (ತಾಲದ ಒಂದು ಪೂರ್ತಿ ಸುತ್ತಿಗೆ) ಹಿಡಿದ ಸಮಯ, ಚೀಜಿನ ಅಂದರೆ ಹಾಡುವ ರಚನೆಯ ಮುಖಡಾ (ಮತ್ತೆ ಮತ್ತೆ ಮರಳಿ ಬರುವ ಮೊದಲ ತುಣುಕು), ಗಡಿಯಾರದ ಹೊತ್ತು, ಮೇಲಿದ್ದ ಮಾಡು ಯಾವುದು ಎಂಬುದು, ಇಷ್ಟು ಸರಿಯಾಗಿದ್ದರೆ ಗಾಯನದ ಬಹುಪಾಲು ತಾನಾಗಿ ಎದ್ದು ಬರುತ್ತದೆ.

ಪುಸ್ತಕದ ಬಗ್ಗೆ ಮೊದಲು. ಅಂಗೈ ಅಗಲದ್ದು, ದಾರದ ಹೊಲಿಗೆಯದು ಬೇಕು. ಸುರುಳಿ ತಂತಿಯ ಪುಸ್ತಕ ಹಾಳೆ ತಿರುವುವಾಗ ಸದ್ದು ಮಾಡುತ್ತದೆ, ಮಳೆಗಾಲದಲ್ಲಿ ತಂತಿ ತುಕ್ಕು ಹಿಡಿದು ಹಾಳೆಗೆ ಕಂದು ಕಲೆ ಬೀಳುತ್ತದೆ. ಜೆಲ್ ಪೆನ್ನಿನ ಶಾಯಿ ನಮ್ಮ ಕಡೆಯ ತೇವಕ್ಕೆ ಹರಡುತ್ತದೆ. ಪೆನ್ಸಿಲ್ ಎಲ್ಲಕ್ಕಿಂತ ಒಳ್ಳೆಯದು, ಇಲ್ಲದಿದ್ದರೆ ಬಾಲ್ ಪೆನ್. ಮೊಬೈಲಿನಲ್ಲಿ ಬರೆದುಕೊಳ್ಳಬಹುದಲ್ಲ ಎನ್ನುವವರಿದ್ದಾರೆ. ಬರೆದುಕೊಳ್ಳಬಹುದು, ಆದರೆ ಕತ್ತಲೆ ಸಭಾಭವನದಲ್ಲಿ ಆ ಬೆಳಕು ಹಾಡುವವರ ಕಣ್ಣಿಗೇ ನೇರ ಹೊಡೆಯುತ್ತದೆ.

ಶ್ರುತಿ

ತಂಬೂರಿ ಶ್ರುತಿ ಮಾಡುವಾಗಲೇ ಕೂತಿರಬೇಕು. ಕಛೇರಿಯ ಅರ್ಧ ಸುದ್ದಿ ಅಲ್ಲೇ ಸಿಗುತ್ತದೆ. ಮೊದಲ ತಂತಿ ಪಂಚಮಕ್ಕಿದ್ದರೆ ವಿಶೇಷವಿಲ್ಲ. ಮಧ್ಯಮಕ್ಕೆ ಇಳಿಸಿದರೆ ಮಾಲಕಂಸ, ಲಲಿತ್‌ನಂಥ ಪಂಚಮ ಇಲ್ಲದ ರಾಗ, ಇಲ್ಲವೇ ಬಾಗೇಶ್ರೀಯ ಹಾಗೆ ಪಂಚಮಕ್ಕೆ ತೂಕ ಕಡಿಮೆ ಇರುವ ರಾಗ ಬರಬಹುದು. ನಿಷಾದಕ್ಕೆ ಕೂಡಿಸಿದರೆ ಮಾರ್ವಾ, ಪೂರಿಯಾ, ಸೋಹನಿಯ ಪೈಕಿ ಒಂದು ಎಂದು ಲೆಕ್ಕ ಹಾಕುತ್ತೇನೆ. ಎಲೆಕ್ಟ್ರಾನಿಕ್ ತಂಬೂರಿ ಬಂದ ಮೇಲೂ ಇದು ಬದಲಾಗಿಲ್ಲ. ಅದರಲ್ಲೂ ಮೊದಲ ಸ್ವರಕ್ಕೆ ಬೇರೆ ತಿರುಪು ಇದೆ.

ಶ್ರುತಿಯನ್ನು ಹಾರ್ಮೋನಿಯಂ ಮನೆಯ ಲೆಕ್ಕದಲ್ಲೇ ಬರೆಯುತ್ತೇನೆ: ಕರಿ 1, ಬಿಳಿ 2, ಕರಿ 5. ಮನೆ ಎಂದರೆ ಬೆರಳಲ್ಲಿ ಒತ್ತುವ ಪಟ್ಟಿ; ಬಿಳಿಯವನ್ನೂ ಕರಿಯವನ್ನೂ ಬೇರೆ ಬೇರೆ ಎಣಿಸುವುದು, ಬಿಳಿ 1 ಮತ್ತು ಬಿಳಿ 2ರ ನಡುವಿನದು ಕರಿ 1. ಗಂಡಸರು ಹೆಚ್ಚಾಗಿ ಬಿಳಿ 1ರಿಂದ ಬಿಳಿ 2ರ ನಡುವೆ ಹಾಡುತ್ತಾರೆ, ಅದರಲ್ಲೂ ಕರಿ 1 ಮಾಮೂಲಿ. ಹೆಂಗಸರು ಬಹುಪಾಲು ಕರಿ 4, ಕರಿ 5ರ ಆಸುಪಾಸು. ಗಂಗೂಬಾಯಿ ಹಾನಗಲ್ಲರಂಥ ದನಿ ಈ ಲೆಕ್ಕಕ್ಕೆ ಸಿಗುವುದಿಲ್ಲ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ಶ್ರುತಿ ಹೆಂಗಸರ ಮಾಮೂಲಿ ಶ್ರುತಿಗಿಂತ ಬಹಳ ಕೆಳಗಿಳಿಯಿತು. ಮುಂದಿನ ಸಾಲಿನಲ್ಲಿ ಕೂತರೆ ಹಾರ್ಮೋನಿಯಂನವರ ಬೆರಳು ಷಡ್ಜಕ್ಕೆ ಎಲ್ಲಿ ಬೀಳುತ್ತದೆ ಎಂದು ನೋಡಿಯೇ ಹೇಳಬಹುದು. ಆದರೆ ಸ್ಕೇಲ್ ಚೇಂಜರ್ ಪೆಟ್ಟಿಗೆಯಾದರೆ ಬೆರಳನ್ನು ನಂಬಬಾರದು. ಮನೆಯ ಹಲಗೆಯೇ ಪಕ್ಕಕ್ಕೆ ಸರಿದಿರುತ್ತದೆ, ಬೆರಳು ಬಿಳಿ 1ರ ಮೇಲಿದ್ದು ದನಿ ಕರಿ 1ರದ್ದು ಬರುತ್ತಿರಬಹುದು. ಅಂಥಲ್ಲಿ ತಂಬೂರಿ ಮಾತ್ರ ನುಡಿಯುತ್ತಿರುವ ಅರ್ಧ ನಿಮಿಷದಲ್ಲಿ ಮೊಬೈಲಿನ ಟ್ಯೂನರ್ ತೆರೆದು ನೋಡಿ ಮುಚ್ಚಿಬಿಡುತ್ತೇನೆ. ಕರಿ 1 ಎಂದರೆ ಗಂಡಸರ ಮಧ್ಯ ಷಡ್ಜ ಸುಮಾರು 138.6 ಹರ್ಟ್ಸ್, ದಾಯಾಂ (ಬಲಗೈಯ) ತಬಲಾದ್ದು ಅದರ ಎರಡರಷ್ಟು, 277.

ಇಷ್ಟೆಲ್ಲ ಯಾಕೆ ಎಂದರೆ ಮುಂದೆ ಎಂದಾದರೂ ಅದೇ ಕಛೇರಿಯ ಧ್ವನಿಮುದ್ರಣ ಸಿಕ್ಕಿದರೆ ಶ್ರುತಿಯ ಟಿಪ್ಪಣಿಯೇ ಮೊದಲು ಬೇಕಾಗುವುದು. ಅದರ ಕೆಲಸ ಕೊನೆಗೆ ಹೇಳುತ್ತೇನೆ.

ತಿರಕಿಟ ಎಲ್ಲಿ ಬಂತು

ಬಡಾ ಖ್ಯಾಲಿನಲ್ಲಿ, ಅಂದರೆ ನಿಧಾನ ಲಯದಲ್ಲಿ ಹಾಡುವ ದೊಡ್ಡ ಭಾಗದಲ್ಲಿ, ತಾಲ ಸಿಗುವುದಿಲ್ಲ ಎನ್ನುವುದು ಹೊಸಬರ ಮೊದಲ ದೂರು. ವಿಲಂಬಿತದಲ್ಲಿ (ಆ ನಿಧಾನ ಲಯದಲ್ಲಿ) ಕೈಬೆರಳಲ್ಲಿ ಎಣಿಸಲು ಹೊರಟರೆ ಹಾಡು ತಪ್ಪುತ್ತದೆ, ಎಣಿಕೆಯೂ ತಪ್ಪುತ್ತದೆ. ನಾನು ಎಣಿಸುವುದಿಲ್ಲ, "ತಿರಕಿಟ" ಎಂಬ ಬೋಲಿಗೆ (ತಬಲಾದ ನುಡಿಗೆ) ಕಾಯುತ್ತೇನೆ. ಎಷ್ಟೇ ನಿಧಾನ ಠೇಕಾ (ತಾಲದ ನಿಗದಿತ ಬೋಲುಗಳ ಸಾಲು) ಇದ್ದರೂ ಆ ನಾಲ್ಕು ಪೆಟ್ಟು ಕಿವಿಗೆ ಎದ್ದು ಕೇಳುತ್ತವೆ.

ಏಕತಾಲದ 12 ಮಾತ್ರೆಯಲ್ಲಿ (ತಾಲದ ಎಣಿಕೆಯಲ್ಲಿ) ತಿರಕಿಟ ಎರಡು ಸಲ ಬರುತ್ತದೆ, 4ಕ್ಕೆ ಮತ್ತು 10ಕ್ಕೆ. ನಾಲ್ಕರ ನಂತರ ಬರುವುದು "ತೂ ನಾ". ಅಲ್ಲಿ ಡಗ್ಗಾ (ಎಡಗೈಯದು) ಸುಮ್ಮನಿರುತ್ತದೆ, ಬರೀ ದಾಯಾಂ ಮಾತಾಡುತ್ತದೆ. ಹತ್ತರ ನಂತರ ಬರುವುದು "ಧಿನ್ ನಾ"; ಧಿನ್‌ನಲ್ಲಿ ಡಗ್ಗಾದ ಗುಂಯ್ಕಾರ ಮರಳಿ ಬರುತ್ತದೆ. ತಿರಕಿಟದ ಬೆನ್ನಿಗೆ ಡಗ್ಗಾ ಬಂತೆಂದರೆ ಎರಡು ಮಾತ್ರೆ ಕಳೆದು ಸಮ್, ಅಂದರೆ ಆವರ್ತನದ ಮೊದಲ ಮಾತ್ರೆ. ಗಾಯಕರು ಮುಖಡಾ ಎತ್ತುವುದೂ ಹೆಚ್ಚಾಗಿ ಅದೇ ಜಾಗದಲ್ಲಿ, ಹಾಗಾಗಿ ಒಂದಕ್ಕೊಂದು ಸಾಕ್ಷಿಯಾಗುತ್ತವೆ.

ಝೂಮ್ರಾದಲ್ಲಿ 14 ಮಾತ್ರೆ, ತಿರಕಿಟ ನಾಲ್ಕು ಸಲ: 3, 7, 10, 14. ಕೊನೆಯ ತಿರಕಿಟ ಮುಗಿಯುತ್ತಲೇ ಸಮ್ ಬೀಳುತ್ತದೆ. ತಿಲವಾಡಾದ 16ರಲ್ಲಿ ಇದು ತಿರುಗುಮುರುಗು; ಸಮ್‌ನ "ಧಾ" ಆದ ತಕ್ಷಣ ಎರಡನೆಯ ಮಾತ್ರೆಗೇ ತಿರಕಿಟ, ಆಮೇಲೆ 10ಕ್ಕೆ ಇನ್ನೊಂದು. ಅಂದರೆ ಸಮ್‌ಗೆ ಅಂಟಿಕೊಂಡು ಮುಂದೆ ಬಂದರೆ ತಿಲವಾಡಾ, ಅಂಟಿಕೊಂಡು ಹಿಂದೆ ಬಂದರೆ ಝೂಮ್ರಾ, ಎರಡು ಮಾತ್ರೆ ಬಿಟ್ಟು ಹಿಂದೆ ಬಂದರೆ ಏಕತಾಲ. ನಮ್ಮ ಕಡೆ ಕೇಳಸಿಗುವ ವಿಲಂಬಿತದಲ್ಲಿ ಇವು ಮೂರು ಗೊತ್ತಿದ್ದರೆ ಬಹುತೇಕ ಸಾಕು. ತಬಲಾದವರು ಠೇಕಾವನ್ನು ಹೆಚ್ಚು ತುಂಬಿಸಿ ನುಡಿಸುವವರಾದರೆ ನಡುನಡುವೆ ಹುಸಿ ತಿರಕಿಟಗಳು ಬರುತ್ತವೆ; ಮೊದಲ ಎರಡು ಮೂರು ಆವರ್ತನ ಅವರು ಸಾಧಾರಣವಾಗಿ ಸ್ವಚ್ಛ ನುಡಿಸುತ್ತಾರೆ, ಅಷ್ಟರೊಳಗೆ ಹಿಡಿದುಬಿಡಬೇಕು.

ಲಯಕ್ಕೆ ಕೈಗಡಿಯಾರ ಸಾಕು. ಸಮ್‌ನಿಂದ ಸಮ್‌ಗೆ ಎಷ್ಟು ಸೆಕೆಂಡು ಎಂದು ಮೂರು ಸಲ ಬರೆಯುತ್ತೇನೆ: ಶುರುವಿನಲ್ಲಿ, ನಡುವಿನಲ್ಲಿ, ಛೋಟಾ ಖ್ಯಾಲಿಗೆ (ಅದರ ಬೆನ್ನಿಗೆ ಬರುವ ವೇಗದ ಚೀಜಿಗೆ) ಹೋಗುವ ಮುಂಚೆ. ಏಕತಾಲದ ಒಂದು ಆವರ್ತನ 48 ಸೆಕೆಂಡಾದರೆ ಮಾತ್ರೆಗೆ 4 ಸೆಕೆಂಡು. ಅದು ಕಿರಾಣಾ ಘರಾಣೆಯವರ (ಘರಾಣೆ ಅಂದರೆ ಗಾಯನದ ಪರಂಪರೆ) ಸಾವಧಾನದ ನಡೆ, ಒಂದೊಂದೇ ಸ್ವರ ಬೆಳೆಸಿಕೊಂಡು ಹೋಗುವವರಿಗೆ ಬೇಕಾದ ಜಾಗ. ಜೈಪುರ-ಅತ್ರೌಲಿ ಘರಾಣೆಯವರು ಅಷ್ಟು ಎಳೆಯುವುದಿಲ್ಲ. ಆ ಘರಾಣೆಯ ಮಲ್ಲಿಕಾರ್ಜುನ ಮನ್ಸೂರರ ಧ್ವನಿಮುದ್ರಣ ಹಾಕಿ ಗಡಿಯಾರ ಹಿಡಿದರೆ ಗೊತ್ತಾಗುತ್ತದೆ, ಉದ್ದದ ಪೀಠಿಕೆಯಿಲ್ಲದೆ ಚೀಜಿಗೇ ಇಳಿದು, ತೀನತಾಲದಲ್ಲಿ ಸಮ್‌ನ ಬೆನ್ನಿಗೆ ಸಮ್ ಕೊಡುತ್ತಾ ಹೋಗುತ್ತಾರೆ. ಪುಸ್ತಕದಲ್ಲಿ ಘರಾಣೆಯ ಹೆಸರು ಬರೆಯುವ ಬದಲು ಈ ಸೆಕೆಂಡುಗಳನ್ನು ಬರೆದರೆ ಹೆಚ್ಚು ಉಪಯೋಗ. ನಡುವಿನ ಅಂಕಿ ಶುರುವಿನದಕ್ಕಿಂತ ಬಹಳ ಕಡಿಮೆಯಾಗಿದ್ದರೆ ಲಯ ಓಡಿದೆ ಎಂದರ್ಥ. ಗಾಯಕರು ಬೇಕೆಂದೇ ಏರಿಸಿದರೋ ತಬಲಾ ಎಳೆದೊಯ್ದಿತೋ ಎಂಬುದನ್ನು ಪಕ್ಕದಲ್ಲಿ ಒಂದು ಶಬ್ದದಲ್ಲಿ ಗುರುತು ಹಾಕುತ್ತೇನೆ.

ರಾಗ, ಮುಖಡಾ

ರಾಗದ ಹೆಸರು ಗೊತ್ತಾಗದಿದ್ದರೆ ಊಹೆ ಬರೆಯಬಾರದು, ಸ್ವರ ಬರೆಯಬೇಕು. ಕೋಮಲಕ್ಕೆ (ತಗ್ಗಿಸಿದ ಸ್ವರಕ್ಕೆ) ಅಡಿಗೆರೆ, ತೀವ್ರ (ಏರಿಸಿದ) ಮಧ್ಯಮಕ್ಕೆ ನೆತ್ತಿಯ ಮೇಲೆ ನೆಟ್ಟಗೆರೆ, ಮಂದ್ರಕ್ಕೆ (ಕೆಳಗಿನ ಸಪ್ತಕಕ್ಕೆ) ಕೆಳಗೆ ಚುಕ್ಕೆ, ತಾರಕ್ಕೆ (ಮೇಲಿನ ಸಪ್ತಕಕ್ಕೆ) ಮೇಲೆ ಚುಕ್ಕೆ. ಭಾತಖಂಡೆ ಪದ್ಧತಿಯ ಇಷ್ಟು ಗುರುತು ಸಾಕು. ಗಾಯಕರು ಮತ್ತೆ ಮತ್ತೆ ನಿಲ್ಲುವ ಸ್ವರಕ್ಕೆ ಸುತ್ತು ಹಾಕುತ್ತೇನೆ. ಒಂದೇ ಸ್ವರಗಳ ರಾಗಗಳು ಬೇರಾಗುವುದು ಆ ಸುತ್ತಿನಲ್ಲಿ. ಮಾರ್ವಾ, ಪೂರಿಯಾ, ಸೋಹನಿ ಮೂರಕ್ಕೂ ಕೋಮಲ ರಿಷಭ, ತೀವ್ರ ಮಧ್ಯಮ, ಪಂಚಮ ಇಲ್ಲ. ಸುತ್ತು ರಿಷಭ-ಧೈವತಕ್ಕೆ ಬಿದ್ದು ಷಡ್ಜವನ್ನು ಸತಾಯಿಸುತ್ತಿದ್ದರೆ ಮಾರ್ವಾ. ಗಾಂಧಾರ-ನಿಷಾದಕ್ಕೆ ಬಿದ್ದು ಮಂದ್ರದಲ್ಲೇ ಸುಳಿಯುತ್ತಿದ್ದರೆ ಪೂರಿಯಾ. ಮೇಲಿನ ಷಡ್ಜ ಬಿಟ್ಟು ಕೆಳಗೆ ಇಳಿಯಲು ಮನಸ್ಸೇ ಇಲ್ಲದಿದ್ದರೆ ಸೋಹನಿ. ಭೂಪಾಲಿ-ದೇಸಕಾರವೂ ಹೀಗೆ, ಗಾಂಧಾರಕ್ಕೆ ಸುತ್ತಾದರೆ ಭೂಪಾಲಿ, ಧೈವತಕ್ಕಾದರೆ ದೇಸಕಾರ. ದರ್ಬಾರಿ ಮತ್ತು ಅಡಾಣಾದಲ್ಲಿ ಗಾಂಧಾರದ ತೂಗಾಟ ನೋಡಬೇಕು, ಅಡಾಣಾ ಅಷ್ಟು ಹೊತ್ತು ತೂಗುವುದಿಲ್ಲ, ತಾರ ಷಡ್ಜಕ್ಕೆ ಜಿಗಿಯುವ ಅವಸರದಲ್ಲಿರುತ್ತದೆ.

ಹೆಸರು ಬೇಕೇ ಬೇಕೆಂದಾದರೆ ಕಾರ್ಯಕ್ರಮ ಮುಗಿದ ಮೇಲೆ ಹಾರ್ಮೋನಿಯಂ ಸಾಥ್‌ನವರನ್ನು ಕೇಳುವುದು ಸುಲಭದ ದಾರಿ. ಗಾಯಕರ ಸುತ್ತ ಹಾರ, ಶಾಲು, ಫೋಟೋದವರು ನೆರೆದಿರುತ್ತಾರೆ. ಪೆಟ್ಟಿಗೆ ಮುಚ್ಚುತ್ತಾ ಕೂತವರಿಗೆ ಉತ್ತರ ಹೇಳಲು ಪುರುಸೊತ್ತೂ ಇರುತ್ತದೆ, ಇಡೀ ರಾಗವನ್ನು ಬೆರಳಲ್ಲಿ ಹಿಂಬಾಲಿಸಿದ ಅವರ ಉತ್ತರ ತಪ್ಪಿರುವುದೂ ಅಪರೂಪ.

ಚೀಜಿನ ಇಡೀ ಸಾಹಿತ್ಯ ಸಿಗುವುದಿಲ್ಲ, ಬೇಕಾಗಿಯೂ ಇಲ್ಲ. ಮುಖಡಾದ ಮೂರು ನಾಲ್ಕು ಶಬ್ದ ಕಿವಿಗೆ ಬಿದ್ದ ಹಾಗೇ ಕನ್ನಡದಲ್ಲಿ ಬರೆದು, ಸಮ್ ಬೀಳುವ ಅಕ್ಷರದ ಕೆಳಗೆ ಗೀಟು ಹಾಕಿದರೆ ಸಾಕು. ಬ್ರಜಭಾಷೆಯ ಕಾಗುಣಿತದ ಚಿಂತೆ ಬೇಡ. ಆ ಗೀಟು ಇದ್ದರೆ ಮನೆಗೆ ಬಂದು ಗುನುಗುವಾಗ ಚೀಜು ತನ್ನ ಜಾಗದಲ್ಲಿ ಕೂರುತ್ತದೆ.

ಮಾದರಿಗೆ ಒಂದು ಪುಟ ಹೀಗಿರುತ್ತದೆ: "ಸಂಜೆ 6.50. ಶೀಟಿನ ಮಾಡು, ಸಣ್ಣ ಮಳೆ. ಕರಿ 1, ತಂಬೂರಿ ನಿ. ಪೂರಿಯಾ, ಏಕತಾಲ, 52–44–38. ಮಂದ್ರ ನಿ ಮೇಲೆ ಬಹಳ ಹೊತ್ತು. ತಬಲಾ 7.20ಕ್ಕೆ ಇಳಿಯಿತು, ಎರಡು ಸಲ ಹತೋಡಿ (ಸುತ್ತಿಗೆ). ಛೋಟಾ ತೀನತಾಲ 7.38. ತಾನ್‌ಗಳು (ವೇಗದ ಸ್ವರಸಾಲುಗಳು) ಹಿಂದಿನ ಗೋಡೆಗೆ ಹೊಡೆದು ಕಲಸಿದವು." ಇದಕ್ಕಿಂತ ಹೆಚ್ಚು ಬರೆಯುತ್ತಿದ್ದೇನೆ ಅಂದರೆ ಕೇಳುವುದು ನಿಂತಿದೆ ಎಂದರ್ಥ.

ಮಳೆ, ಮಾಡು, ಗಾಳಿ

ಹವೆಯ ವಿವರ ಯಾಕೆ ಎಂದು ಬೇರೆ ಊರಿನವರು ಕೇಳಬಹುದು. ವರ್ಷಕ್ಕೆ ಎರಡೂವರೆ ಸಾವಿರ ಮಿಲಿಮೀಟರ್ ಸುಮಾರು ಮಳೆ ಬೀಳುವ ಊರಿನಲ್ಲಿ ಆಷಾಢದ ಗುರುಪೂರ್ಣಿಮೆಗೆ ಸಂಗೀತ ಇಟ್ಟುಕೊಂಡರೆ ವೇದಿಕೆ ಮೇಲೆ ಮಳೆಯೂ ಒಬ್ಬ ಕಲಾವಿದನೇ.

ತಬಲಾದ ಪುಡಿ, ಅಂದರೆ ಬಾಯಿಗೆ ಬಿಗಿದ ಹೊದಿಕೆ, ಚರ್ಮದ್ದು. ತೇವ ಹೀರಿದರೆ ಸಡಿಲಾಗಿ ಶ್ರುತಿ ಇಳಿಯುತ್ತದೆ. ಬೆಳಕಿನ ಕಾವಿಗೆ ಒಣಗಿದರೆ ಏರುತ್ತದೆ. ಜುಲೈ ಸಂಜೆಯ ಕಛೇರಿಯಲ್ಲಿ ತಬಲಾದವರ ಕೈ ನೋಡಿ. ಮೊದಲು ಗಟ್ಟೆಗಳನ್ನು (ಬಾರಿನಡಿ ಸಿಕ್ಕಿಸಿದ ಮರದ ತುಂಡುಗಳನ್ನು) ಹತೋಡಿಯಲ್ಲಿ ಕೆಳಗೆ ಹೊಡೆದು ಬಾರು ಬಿಗಿ ಮಾಡುತ್ತಾರೆ, ಅದು ದೊಡ್ಡ ಹೊಂದಾಣಿಕೆ. ಆಮೇಲೆ ಗಜರೆಯ (ಪುಡಿಯ ಸುತ್ತ ಹೆಣೆದ ಚರ್ಮದ ಬಳೆಯ) ಅಂಚಿಗೆ ಸುತ್ತಲೂ ಸಣ್ಣ ಏಟು, ಅದು ಸೂಕ್ಷ್ಮದ್ದು. ಮೇಲಿನಿಂದ ಹೊಡೆದರೆ ಏರುತ್ತದೆ, ಕೆಳಗಿನಿಂದ ಹೊಡೆದರೆ ಇಳಿಯುತ್ತದೆ. ಗಟ್ಟೆಗಳು ಆಗಲೇ ತಳ ಮುಟ್ಟಿದ್ದು, ಗಜರೆಯೂ ಬಿಗಿಯಾಗಿದ್ದು, ಶ್ರುತಿ ಇನ್ನೂ ಅರ್ಧ ಮನೆ (ಬಿಳಿ 1ರಿಂದ ಪಕ್ಕದ ಕರಿ 1ಕ್ಕೆ ಇರುವಷ್ಟು ಅಂತರ) ಕೆಳಗಿದ್ದರೆ ಆ ತಬಲಾದಲ್ಲಿ ಅವತ್ತು ಮುಂದೆ ದಾರಿಯಿಲ್ಲ. ಅನುಭವ ಇದ್ದವರು ಒಂದೇ ಶ್ರುತಿಗೆ ಎರಡು ದಾಯಾಂ ತಂದಿರುತ್ತಾರೆ. ಕರಿ 1ಕ್ಕೆ ಬಾಯಿ ಐದೂಕಾಲು ಇಂಚಿನ ಆಸುಪಾಸಿನದು, ಹೆಂಗಸರ ಕರಿ 5ಕ್ಕೆ ಆರು ಇಂಚಿನ ಹತ್ತಿರದ್ದು. ಮುಂಚೆ ಬಲ್ಬಿನ ಶಾಖಕ್ಕೆ ಇಡುವ ರೂಢಿಯೂ ಇದೆ. ವೇದಿಕೆಗೆ ಹತ್ತುವ ಹತ್ತು ನಿಮಿಷ ಮೊದಲು ಕಾಯಿಸಿದರೆ ಉಪಯೋಗಕ್ಕಿಂತ ತೊಂದರೆ ಹೆಚ್ಚು, ಹೊರಗಿನ ತೇವ ಮತ್ತೆ ಹೀರಿಕೊಂಡು ಬಡಾ ಖ್ಯಾಲಿನ ನಡುವೆಯೇ ಇಳಿಯುತ್ತದೆ. ಹಾಗೆ ಇಳಿದಾಗ ಗಾಯಕರು ಏನು ಮಾಡಿದರು ಎಂದು ಗಮನಿಸುವುದು ನನಗೆ ಇಷ್ಟ. ಕೆಲವರು ಒಂದು ಆವರ್ತನ ಬರೀ ಷಡ್ಜದ ಮೇಲೆ ನಿಂತು ತಬಲಾದವರಿಗೆ ಸಮಯ ಕೊಡುತ್ತಾರೆ. ನೆನಪಿಡಲು ಅದಕ್ಕಿಂತ ಒಳ್ಳೆಯ ವಿವರ ಬೇಕೇ!

ಕೊಳಲಿಗೆ ಇನ್ನೊಂದು ತಾಪತ್ರಯ. ಹವೆ ತಣ್ಣಗಾದಂತೆ ಕೊಳಲಿನ ಶ್ರುತಿ ಇಳಿಯುತ್ತದೆ, 5 ಡಿಗ್ರಿ ಇಳಿದರೆ ಸುಮಾರು 15 ಸೆಂಟ್, ಅಂದರೆ ಅರ್ಧ ಮನೆಯ ಏಳನೇ ಒಂದು ಪಾಲು. ಎಲೆಕ್ಟ್ರಾನಿಕ್ ತಂಬೂರಿ ಮಾತ್ರ ಇದ್ದಲ್ಲೇ ಇರುತ್ತದೆ. ಡಿಸೆಂಬರಿನ ರಾತ್ರಿ ಅಂಗಳದ ಕಛೇರಿಯಲ್ಲಿ ಕೊಳಲಿನವರು ನಡುನಡುವೆ ತಂಬೂರಿಯ ತಿರುಪು ಮುಟ್ಟುವುದು ಅದಕ್ಕೇ.

ಮಾಡಿನ ವಿಚಾರಕ್ಕೆ ಬಂದರೆ, ಕೇಳಲು ಎಲ್ಲಕ್ಕಿಂತ ಸುಖ ಅಡಿಕೆ ಸೋಗೆಯ ಚಪ್ಪರ. ಸೋಗೆ ಸದ್ದು ಹೀರುತ್ತದೆ, ಪಕ್ಕಕ್ಕೆ ಗೋಡೆಯಿಲ್ಲ, ತಾನ್‌ನ ಒಂದೊಂದು ಸ್ವರ ಬಿಡಿಬಿಡಿಯಾಗಿ ಕೇಳುತ್ತದೆ. ಹಂಚಿನ ಮಾಡು ಪರವಾಗಿಲ್ಲ. ತಗಡಿನ ಶೀಟು ಮಳೆ ಬಂದರೆ ಮುಗಿಯಿತು. ಧ್ವನಿವರ್ಧಕದವರು ವಾಲ್ಯೂಮ್ ಏರಿಸುತ್ತಾರೆ, ಮೈಕು ಕೂಗುತ್ತದೆ, ತಂಬೂರಿ ಮಾಯವಾಗುತ್ತದೆ. ಅಂಥ ದಿನ ಹಿಂದೆ ಕೂರುವುದರಲ್ಲಿ ಅರ್ಥವಿಲ್ಲ, ಮೊದಲ ಮೂರು ಸಾಲಿಗೆ ಹೋಗಿ ವೇದಿಕೆಯ ದನಿಯನ್ನೇ ನೇರ ಕೇಳಬೇಕು. ಕಾಂಕ್ರೀಟಿನ ಸಭಾಭವನದಲ್ಲಿ ಮಳೆಯ ಸದ್ದಿಲ್ಲ, ಆದರೆ ಖಾಲಿ ಇರುವಾಗ ಬೋಳು ಗೋಡೆಗಳು ದನಿಯನ್ನು ಎಳೆಯುತ್ತವೆ. ಜನ ತುಂಬಿದಂತೆ ಅದು ಕಡಿಮೆಯಾಗುತ್ತದೆ. ಹಾಗಾಗಿ ಮೊದಲು ಹಾಡಿದ ಕಿರಿಯರ ದನಿ ಗುಂಯ್‌ಗುಟ್ಟಿತು ಎಂದು ತೀರ್ಮಾನಿಸುವ ಮೊದಲು ಆಗ ಎಷ್ಟು ಕುರ್ಚಿ ತುಂಬಿತ್ತು ಎಂದು ನೋಡಿಕೊಳ್ಳಬೇಕು. ಹಾರ್ಮೋನಿಯಂ ಇರುವ ಬದಿ ಬಿಟ್ಟು ತಬಲಾದ ಬದಿಗೆ, ಸ್ಪೀಕರಿನ ಮೂತಿಗೆ ಸಿಗದಂತೆ, ನಾಲ್ಕನೆಯ ಸಾಲಿನ ಆಸುಪಾಸು ನನ್ನ ಜಾಗ. ನಮ್ಮಲ್ಲಿ ಹಾರ್ಮೋನಿಯಂಗೆ ಮೈಕು ಅಗತ್ಯಕ್ಕಿಂತ ಜೋರಾಗಿಯೇ ಇರುತ್ತದೆ, ಎದುರು ಕೂತರೆ ಗಾಯಕರು ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್‌ಗಳು ಅದರಡಿ ಮುಚ್ಚಿಹೋಗುತ್ತವೆ.

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಂಥ ಬಯಲಿನಲ್ಲಿ ಗಾಳಿಯೇ ಯಜಮಾನ. ಸಂಜೆ ಕಡಲಿನಿಂದ ನೆಲದ ಕಡೆ ಬೀಸುತ್ತದೆ. ಗಾಳಿಗೆ ಎದುರಾಗಿ ಹೋಗುವ ದನಿ ಮೇಲಕ್ಕೆ ಬಾಗಿ ತಲೆಯ ಮೇಲಿಂದ ಹಾದುಹೋಗುತ್ತದೆ, ಗಾಳಿಯ ಜೊತೆ ಹೋಗುವ ದನಿ ಕೆಳಕ್ಕೆ ಬಾಗಿ ದೂರದವರೆಗೆ ಕೇಳುತ್ತದೆ. ಆದ್ದರಿಂದ ವೇದಿಕೆಯಿಂದ ಗಾಳಿ ಯಾವ ಬದಿಗೆ ಹೋಗುತ್ತಿದೆಯೋ ಆ ಬದಿಗೆ ಕೂರಬೇಕು. ಕರಾವಳಿ ಉತ್ಸವ, ಬನವಾಸಿಯ ಕದಂಬೋತ್ಸವದಂಥ ದೊಡ್ಡ ಮೇಳಗಳಲ್ಲಿ ಖ್ಯಾಲ್ ಕೇಳಿ ಟಿಪ್ಪಣಿ ಇಡುವ ಆಸೆಯನ್ನು ನಾನು ಇಟ್ಟುಕೊಳ್ಳುವುದಿಲ್ಲ. ಅಲ್ಲಿನ ಧ್ವನಿ ವ್ಯವಸ್ಥೆ ಡೋಲು-ಕೀಬೋರ್ಡಿಗೆ ಹೊಂದಿಸಿದ್ದು, ತಂಬೂರಿಗಲ್ಲ.

ಹೊತ್ತು

ಪ್ರತಿ ರಾಗ ಶುರುವಾದ ಗಡಿಯಾರದ ಹೊತ್ತು ಬರೆಯುವುದಕ್ಕೆ ಕಾರಣವಿದೆ. ಸೂರ್ಯ ಮುಳುಗುವ ಹೊತ್ತಿನ ಮಾರ್ವಾ, ಪೂರಿಯಾ, ಶ್ರೀ ಇವುಗಳಿಗೆ ಇರುವ ಅವಧಿ ಸಣ್ಣದು. ಶಿರಸಿಯಲ್ಲಿ ಡಿಸೆಂಬರಿನಲ್ಲಿ ಆರು ದಾಟುತ್ತಲೇ ಸೂರ್ಯ ಮುಳುಗುತ್ತಾನೆ, ಜೂನ್-ಜುಲೈಯಲ್ಲಿ ಏಳರ ಹೊತ್ತಿಗೆ. ಐದಕ್ಕೆ ಸಭಾ ಕಾರ್ಯಕ್ರಮ ಎಂದು ಆಮಂತ್ರಣದಲ್ಲಿದ್ದರೆ ಐದೂವರೆಗೆ ದೀಪ ಬೆಳಗಿ, ಪ್ರಾಸ್ತಾವಿಕ, ಸನ್ಮಾನ, ಅಧ್ಯಕ್ಷೀಯ ಮುಗಿದು ವಂದನಾರ್ಪಣೆ ಆಗುವಾಗ ಏಳೂಕಾಲು. ಚಳಿಗಾಲದಲ್ಲಿ ಅಷ್ಟರೊಳಗೆ ಸಂಧಿಪ್ರಕಾಶದ (ಮುಸ್ಸಂಜೆಯ) ಈ ರಾಗಗಳೆಲ್ಲ ಭಾಷಣದ ಪಾಲಾಗಿ, ಗಾಯಕರು ನೇರ ಯಮನ್‌ಗೋ ಬಿಹಾಗ್‌ಗೋ ಬರುತ್ತಾರೆ. ವರ್ಷಗಟ್ಟಲೆಯ ಪುಸ್ತಕ ತಿರುವಿದರೆ ಶ್ರೀ ರಾಗ ನಮ್ಮ ಕಡೆ ಎಷ್ಟು ಅಪರೂಪ ಎಂದು ಗೊತ್ತಾಗುತ್ತದೆ. ಸಂಘಟಕರು ಸನ್ಮಾನವನ್ನು ಎರಡು ಗಾಯನಗಳ ನಡುವೆ ಇಟ್ಟರೆ ಅರ್ಧ ತೊಂದರೆ ಪರಿಹಾರ.

ಇನ್ನೊಂದು ಕೊನೆಯಲ್ಲಿ ರಾತ್ರಿ ಹತ್ತರ ಗಡಿ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಇಲ್ಲ. ಮುಚ್ಚಿದ ಸಭಾಂಗಣಕ್ಕೆ ವಿನಾಯಿತಿ. ಹಾಗಾಗಿ ದರ್ಬಾರಿ, ಮಾಲಕಂಸವನ್ನು ಅದರ ಹೊತ್ತಿನಲ್ಲಿ ಕೇಳಬೇಕೆಂದರೆ ಸಭಾಭವನದ ಅಹೋರಾತ್ರಿ ಕಾರ್ಯಕ್ರಮವೇ ಗತಿ, ಇಲ್ಲವೇ ಮೈಕಿಲ್ಲದ ಮನೆ ಬೈಠಕ್.

ಅಹೋರಾತ್ರಿ ಕೂರುವುದಕ್ಕೂ ಒಂದು ಕ್ರಮ ಬೇಕು. ಮಧ್ಯಾಹ್ನ ಒಂದು ನಿದ್ದೆ ತೆಗೆಯಬೇಕು. ರಾತ್ರಿ ಊಟ ಅರ್ಧಕ್ಕೆ ನಿಲ್ಲಿಸಬೇಕು. ಪಾಯಸಕ್ಕೆ ಮತ್ತೊಮ್ಮೆ ಎಲೆ ಒಡ್ಡಿದವರು ಹನ್ನೊಂದಕ್ಕೆ ಗೋಡೆಗೆ ಒರಗುತ್ತಾರೆ, ಒಂದಕ್ಕೆ ಗೊರಕೆ. ಎಲ್ಲ ಕಲಾವಿದರನ್ನೂ ಒಂದೇ ಏಕಾಗ್ರತೆಯಿಂದ ಕೇಳುವುದು ಯಾರಿಂದಲೂ ಆಗುವುದಿಲ್ಲ, ಹಾಗಾಗಿ ಪಟ್ಟಿ ನೋಡಿ ನಡುರಾತ್ರಿಯ ಒಂದು ಗಂಟೆಯನ್ನು ನಿದ್ದೆಗೆ ಬಿಟ್ಟುಕೊಡುತ್ತೇನೆ. ಮೂರರ ನಂತರ ಎದ್ದಿರಲೇಬೇಕು. ಆಗ ಮಳೆ ತುಸು ಬಿಟ್ಟಿದ್ದರೆ, ಜನ ಕರಗಿ ಜಮಖಾನೆಯ ಮೇಲೆ ಕೇಳುವವರು ಮಾತ್ರ ಉಳಿದಿದ್ದರೆ, ಸೋಹನಿ, ಆಮೇಲೆ ಲಲಿತ್, ಭಟಿಯಾರ್, ಬೆಳಕು ಹರಿಯುವಾಗ ಭೈರವ್ ಅಥವಾ ಅಹಿರ್ ಭೈರವ್. ಹಗಲು ಕಛೇರಿಗಳಲ್ಲಿ ಸಿಗದ ರಾಗಗಳು ಇವೇ. ಲಲಿತ್‌ನ ಎರಡು ಮಧ್ಯಮಗಳನ್ನು ಬೆನ್ನುಬೆನ್ನಿಗೆ ಹಚ್ಚುವುದನ್ನು ಆ ಹೊತ್ತಿನಲ್ಲಿ ಕೇಳಿದವರಿಗೆ ಅದು ಬರೆಯದೆಯೂ ನೆನಪಿರುತ್ತದೆ, ಆದರೂ ಬರೆಯಿರಿ.

ಮರಳುವ ದಾರಿಯ ಲೆಕ್ಕವೂ ಮೊದಲೇ ಇರಲಿ. ಶಿರಸಿಯಿಂದ ಕುಮಟಾಕ್ಕೆ 60 ಕಿಲೋಮೀಟರ್ ಸುಮಾರು, ನಡುವೆ ದೇವಿಮನೆ ಘಟ್ಟ. ಜುಲೈಯಲ್ಲಿ ಗುಡ್ಡ ಜರಿಯುವುದು, ಮರ ಬೀಳುವುದು ಇದ್ದದ್ದೇ. ಭೈರವಿ ಮುಗಿಸಿ ಅಪರಾತ್ರಿಯಲ್ಲಿ ಇಳಿಯುವ ಬದಲು ಬೆಳಗಿನ ಚಹಾ ಕುಡಿದು ಹೊರಡುವುದು ಜಾಣತನ.

ಯಕ್ಷಗಾನಕ್ಕೆ ಈ ಪುಸ್ತಕ ಹೊಂದುವುದಿಲ್ಲ, ಅದಕ್ಕೆ ಬೇರೆಯೇ ಬೇಕು. ಅಲ್ಲಿ ಸಮ್‌ನ ಸೆಕೆಂಡು ಅಳೆದು ಪ್ರಯೋಜನವಿಲ್ಲ. ಯಾವ ಪದ್ಯ, ಯಾವ ತಾಲ, ಯಾವ ಪಾತ್ರಕ್ಕೆ ಎಷ್ಟು ಸಲ ಎತ್ತಿದರು, ಚಂಡೆ ಎಲ್ಲಿ ಸೇರಿತು ಎಂಬುದು ಮುಖ್ಯ. ಭಾಗವತಿಕೆಯಲ್ಲಿ ರಾಗದ ಹೆಸರು ಹಿಂದೂಸ್ತಾನಿಯದ್ದೇ ಇದ್ದರೂ ನಡೆ ಬೇರೆ ಇರುತ್ತದೆ, ಹಾಗಾಗಿ ಒಂದರ ಅಳತೆಗೋಲು ಇನ್ನೊಂದಕ್ಕೆ ಹಿಡಿಯಬಾರದು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳದಂಥ ಪರಂಪರೆ ಇರುವ ಜಿಲ್ಲೆಯಲ್ಲಿ ಆ ಕೆಲಸಕ್ಕೆ ನನಗಿಂತ ಬಲ್ಲವರಿದ್ದಾರೆ.

ಧ್ವನಿಮುದ್ರಣ, ಹಳೆಯ ಕ್ಯಾಸೆಟ್ಟು

ಕಲಾವಿದರನ್ನೂ ಸಂಘಟಕರನ್ನೂ ಕೇಳದೆ ರೆಕಾರ್ಡ್ ಮಾಡುವುದಿಲ್ಲ. ಒಪ್ಪಿದರೆ ಪುಟ್ಟ ರೆಕಾರ್ಡರನ್ನು 48 ಕಿಲೋಹರ್ಟ್ಸ್, 24 ಬಿಟ್‌ಗೆ ಇಡುತ್ತೇನೆ. ಸ್ಟೀರಿಯೋ ಒಂದು ಗಂಟೆಗೆ ಸುಮಾರು 1 ಜಿಬಿ ತಗಲುತ್ತದೆ. ಮಟ್ಟ ಏರಿದಾಗ ಮೈನಸ್ 12 ಡೆಸಿಬಲ್ ಮುಟ್ಟುವಂತಿರಲಿ, ತನ್ನಿಂತಾನೇ ಮಟ್ಟ ಹೊಂದಿಸುವ ಸೌಲಭ್ಯ ಬಂದ್ ಇರಲಿ. ಅದು ಚಾಲೂ ಇದ್ದರೆ ಗಾಯಕರು ಸುಮ್ಮನಾದಾಗಲೆಲ್ಲ ತಂಬೂರಿ, ಫ್ಯಾನು, ಹಿಂದಿನವರ ಪಿಸುಮಾತು ಉಬ್ಬಿ ಬರುತ್ತವೆ. ಸ್ಪೀಕರಿನ ಮುಂದೆ ಇಡುವುದಕ್ಕಿಂತ ವೇದಿಕೆಯ ಅಂಚಿನಲ್ಲಿ, ಹಲಗೆಗೆ ತಾಗದಂತೆ ದಪ್ಪ ಬಟ್ಟೆಯ ಮೇಲೆ ಇಟ್ಟರೆ ಮೇಲು. ಬಯಲಿನಲ್ಲಿ ಮೈಕಿಗೆ ಸ್ಪಂಜಿನ ಟೊಪ್ಪಿ ಬೇಕೇ ಬೇಕು.

ಮನೆಮನೆಯಲ್ಲಿರುವ ಹಳೆಯ ಕ್ಯಾಸೆಟ್ಟುಗಳ ಕತೆ ಇನ್ನೂ ತುರ್ತಿನದು. ಭೀಮಸೇನ ಜೋಶಿ, ಬಸವರಾಜ ರಾಜಗುರು, ಆಮೇಲೆ ರಾಜಗುರುಗಳ ಶಿಷ್ಯರಾದ ನಮ್ಮ ಹಾಸಣಗಿ ಗಣಪತಿ ಭಟ್ಟರು, ಇವರ ಖಾಸಗಿ ಬೈಠಕ್‌ಗಳ ಟೇಪು ಯಾರ ಕಪಾಟಿನಲ್ಲಿದೆ ಎಂದು ಹೇಳಲಾಗದು. ಮಲೆನಾಡಿನ ತೇವಕ್ಕೆ ಟೇಪಿನ ಅಂಚಿಗೆ ಬಿಳಿ ಬೂಷ್ಟು ಬರುತ್ತದೆ, ಕ್ಯಾಸೆಟ್ಟಿನ ಕಿಟಕಿಯಲ್ಲೇ ಕಾಣುತ್ತದೆ. ಹಾಗೆ ಕಂಡರೆ ಒಳ್ಳೆಯ ಡೆಕ್ಕಿಗೆ ಹಾಕಲೇಬಾರದು, ಹೆಡ್ಡಿಗೆ ಮೆತ್ತಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಮೊದಲು ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಕೆಲವು ದಿನ ಒಣಗಿಸಿ, ಹಳೆಯ ಪ್ಲೇಯರಿನಲ್ಲಿ ಒಮ್ಮೆ ಆ ತುದಿಯಿಂದ ಈ ತುದಿಗೆ ಓಡಿಸಿ, ಬೂಷ್ಟು ಉದುರಿದ ಮೇಲೆ ಡೆಕ್ಕಿಗೆ. ಪ್ರತಿ ಕ್ಯಾಸೆಟ್ಟಿಗೂ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಬೇಕು. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕಾಲು ಸುತ್ತಿಗಿಂತ ಕಡಿಮೆ ಅತ್ತಿತ್ತ ತಿರುಗಿಸುತ್ತಾ ತಬಲಾದ ಕಿನಾರಿನ (ಅಂಚಿನ) "ನಾ" ಎಲ್ಲಿ ಅತಿ ಚುರುಕಾಗಿ ಕೇಳುತ್ತದೋ ಅಲ್ಲಿ ನಿಲ್ಲಿಸಬೇಕು. ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡಿನ ಓರೆ ನಮ್ಮದಕ್ಕೆ ಹೊಂದದಿದ್ದರೆ ಇಡೀ ಗಾಯನ ಕಂಬಳಿ ಹೊದ್ದ ಹಾಗೆ ಕೇಳುತ್ತದೆ. ಸಿ-90ರ ಒಂದು ಬದಿ 45 ನಿಮಿಷ, ಬಡಾ ಖ್ಯಾಲು ನಡುವೆ ಕಡಿದುಹೋಗಿರುವುದು ಸಾಮಾನ್ಯ. ಎರಡು ತುಂಡನ್ನು ಅಂಟಿಸಿ ಒಂದು ಮಾಡದೆ ಕಡಿದ ಜಾಗವನ್ನು ಹಾಗೇ ಬಿಡುವುದು ಒಳ್ಳೆಯದು. ಕಂಪ್ಯೂಟರಿನಲ್ಲಿ ಹಿಸ್ (ಟೇಪಿನ ಸುಯ್ ಎನ್ನುವ ಸದ್ದು) ತೆಗೆಯುವ ಆಸೆಯನ್ನೂ ಹಿಡಿತದಲ್ಲಿಡಬೇಕು, ಹಿಸ್ ಜೊತೆ ಮೊದಲು ಹೋಗುವುದು ತಂಬೂರಿಯ ಜವಾರಿ, ಅಂದರೆ ತಂತಿಯ ಝೇಂಕಾರ.

ಇಲ್ಲಿ ಶ್ರುತಿಯ ಟಿಪ್ಪಣಿ ಕೆಲಸಕ್ಕೆ ಬರುತ್ತದೆ. ಸೆಲ್ ಇಳಿದ ಟೇಪ್‌ರೆಕಾರ್ಡರಿನಲ್ಲಿ ಮುದ್ರಿಸಿದ ಕ್ಯಾಸೆಟ್ಟನ್ನು ಸರಿಯಾದ ಡೆಕ್ಕಿನಲ್ಲಿ ಹಾಕಿದರೆ ವೇಗವಾಗಿ ಓಡುತ್ತದೆ, ಗಾಯಕರ ದನಿ ತೆಳ್ಳಗಾಗಿ ಯಾರದೋ ಎಂಬಂತೆ ಕೇಳುತ್ತದೆ. ಪುಸ್ತಕದಲ್ಲಿ ಕರಿ 1 ಎಂದಿದ್ದು ಟೇಪಿನಲ್ಲಿ ಷಡ್ಜ ಬಿಳಿ 2ಕ್ಕೆ ಬಂದರೆ ಅದು ಅರ್ಧ ಮನೆ ಮೇಲೆ, ಅಂದರೆ ಸುಮಾರು 6 ಶೇಕಡಾ ವೇಗ ಹೆಚ್ಚು. ಆಡಾಸಿಟಿ ಎಂಬ ತಂತ್ರಾಂಶದಲ್ಲಿ ಶ್ರುತಿ ಮಾತ್ರ ಬದಲಿಸುವ ಆಯ್ಕೆ ಮುಟ್ಟದೆ, ವೇಗ ಬದಲಿಸುವ ಆಯ್ಕೆಯಲ್ಲಿ ಮೈನಸ್ 5.6 ಶೇಕಡಾ ಕೊಡಬೇಕು. ಶ್ರುತಿ, ಲಯ ಎರಡೂ ಒಟ್ಟಿಗೆ ತಮ್ಮ ಜಾಗಕ್ಕೆ ಬರುತ್ತವೆ. ಬಂದವೋ ಎಂದು ನೋಡಲು ಸಮ್‌ನಿಂದ ಸಮ್‌ಗೆ ಬರೆದಿಟ್ಟ ಸೆಕೆಂಡುಗಳಿವೆ. ಸೆಲ್ ಹಾಡಿನ ನಡುವೆಯೇ ಇಳಿಯುತ್ತಾ ಹೋಗಿದ್ದರೆ ಶುರುವಿಗೊಂದು ಕೊನೆಗೊಂದು ಅಂಕಿ ಬೇಕಾಗುತ್ತದೆ. ಕಡತವನ್ನು ಐದೈದು ನಿಮಿಷದ ತುಂಡು ಮಾಡಿ, ಪ್ರತಿ ತುಂಡಿನ ತಂಬೂರಿಯನ್ನು ಟ್ಯೂನರಿಗೆ ಹಿಡಿದು, ಬೇರೆ ಬೇರೆಯಾಗಿ ಸರಿಪಡಿಸಬೇಕು. ಸರಿಪಡಿಸಿದ್ದಕ್ಕೆ ಬೇರೆ ಹೆಸರು ಕೊಟ್ಟು, ಮೂಲ ಕಡತವನ್ನು ಮುಟ್ಟದೆ ಇನ್ನೊಂದು ಡಿಸ್ಕಿನಲ್ಲಿ ಇಡುತ್ತೇನೆ.